ರೀಶಿಮೂಲ ಕೇಳಬಾರದು

ಋಷಿಮೂಲ, ನದೀಮೂಲ ಕೇಳಬಾರದು ಅಂತ ಹಿರಿಯರು ಹೇಳಿಹೋದರು. ರೀಶಿಮೂಲದ ಸುದ್ದಿಗೆ ಅವರು ಹೋಗಲಿಲ್ಲ, ಆ ಮರದ ಅಣಬೆ ಆಗಿನ್ನೂ ಕ್ಯಾಪ್ಸೂಲಿನೊಳಗೆ ಹೊಕ್ಕಿರಲಿಲ್ಲ. ಈಗ ಹೊಕ್ಕಿದೆ. ಡಬ್ಬಿಯ ಮೇಲೆ ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಕ್ಯೂಆರ್ ಕೋಡ್, ಅದನ್ನು ಸ್ಕ್ಯಾನ್ ಮಾಡಿದರೆ 'ಬೆಳೆದ ಸ್ಥಳ ರಾಸಾಯನಿಕವಾಗಿ ದೃಢಪಟ್ಟಿದೆ' ಎಂಬ ಪ್ರಮಾಣಪತ್ರ. ಒಳಗಿರುವುದು ರೀಶಿಯೇ ಹೌದೋ ಅಲ್ಲವೋ ಎನ್ನುವುದು ಬೇರೆ ವಿಭಾಗದ ತಲೆನೋವು. ಅಮೆರಿಕದಲ್ಲಿ ಮಾರುತ್ತಿದ್ದ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಲೇಬಲ್ಲಿಗೆ ತಕ್ಕಂತೆ ಇದ್ದದ್ದು 5 ಮಾತ್ರ. ಉಳಿದ 14ಕ್ಕೆ ಊರು ಕೇಳುವ ಮೊದಲು ಹೆಸರು ಕೇಳಬೇಕಿತ್ತು.

ಇರಲಿ, ಪ್ರಮಾಣಪತ್ರ ಬೇಕಾದವರು ಧೈರ್ಯಗೆಡಬೇಕಾಗಿಲ್ಲ. ಕ್ರಮ ಬಹಳ ಸುಲಭ.

ಮೊದಲು ಬೇಕಾದದ್ದು ಹೋಲಿಕೆಯ ಮಾದರಿಗಳು. ಯಂತ್ರಕ್ಕೆ ತಾನಾಗಿ ಯಾವ ಊರೂ ಗೊತ್ತಿಲ್ಲ. 'ಇದು ಇಂಥಲ್ಲಿಯದು' ಎಂದು ತೋರಿಸಿದ ಅಣಬೆಗಳ ಜೊತೆ ಹೊಸದನ್ನು ಹೋಲಿಸುವುದಷ್ಟೇ ಅದರ ಕೆಲಸ. ಪೆದ್ದರ ವಿಧಾನ ಹೀಗಿದೆ: ಬೆಳೆಯುವ ಜಾಗಕ್ಕೇ ಹೋಗಿ, ತನ್ನ ಕೈಯಾರೆ ಕಿತ್ತು, ಅಕ್ಷಾಂಶ, ರೇಖಾಂಶ, ಎತ್ತರ, ತಾರೀಖು ಬರೆದುಕೊಂಡು, ಪಕ್ಕದ ಮಣ್ಣನ್ನೂ ಒಂದು ಚೀಲಕ್ಕೆ ತುಂಬಿ, ಒಂದೊಂದು ಸೀಮೆಯಿಂದ ಹತ್ತಾರು ಮಾದರಿ ತರಬೇಕು. ಒಂದು ವರ್ಷ ತಂದರೆ ಸಾಲದು, ಮಳೆ ಬದಲಾದರೆ ಅಣಬೆಯ ರಸಾಯನವೂ ಬದಲಾಗುತ್ತದೆ. ಹುಳುವಿನ ಮೇಲೆ ಬೆಳೆಯುವ ಔಷಧಿ ಅಣಬೆ ಕೀಡಾ ಜಡಿಯಾದರೆ ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯಲ್ಲಿ 3000ದಿಂದ 5000 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಮೊಣಕಾಲೂರಿ, ಸತ್ತ ಹುಳುವಿನ ತಲೆಯಿಂದ ಮೂಡಿದ ಕಡ್ಡಿಯನ್ನು ಹುಡುಕಬೇಕು. ಏದುಸಿರು ಬರುತ್ತದೆ. ಜಾಣರ ವಿಧಾನದಲ್ಲಿ ಉಸಿರಿಗೆ ತೊಂದರೆಯಿಲ್ಲ. ಒಬ್ಬ ವ್ಯಾಪಾರಿಯ ಹತ್ತಿರ ಮೂರು ಚೀಲ ಕೊಂಡು, "ಇದು ಎಲ್ಲಿಯದು?" ಎಂದು ಮೂರು ಸಲ ಕೇಳಿ, ಅವನು ಹೇಳಿದ್ದನ್ನು ಬರೆದುಕೊಂಡರಾಯಿತು. ಅಲ್ಲಿಂದ ಮುಂದಿನ ಅಷ್ಟೂ ರಸಾಯನಶಾಸ್ತ್ರ ಅವನ ಬಾಯಿಮಾತನ್ನು ನಾಲ್ಕು ದಶಮಾಂಶ ಸ್ಥಾನದವರೆಗೆ ಅಳೆಯುತ್ತದೆ.

ಆಮೇಲೆ ಪುಡಿ ಮಾಡುವುದು. ಅಗೇಟ್ ಕಲ್ಲಿನ ಒರಳು ಉತ್ತಮ, ಆದರೆ ತೋಳು ಸೋಲುತ್ತದೆ. ಸ್ಟೀಲ್ ಬ್ಲೇಡಿನ ಗ್ರೈಂಡರಿಗೆ ಹಾಕಿದರೆ ಎರಡೇ ನಿಮಿಷ. ರೀಶಿಯಂಥ ಕಟ್ಟಿಗೆ ಅಣಬೆ ಬ್ಲೇಡನ್ನು ಸವೆಸಿ ಕಬ್ಬಿಣ, ಕ್ರೋಮಿಯಂ, ನಿಕೆಲ್ ಪಡೆದುಕೊಳ್ಳುತ್ತದೆ. ಬೆಟ್ಟದ ಮಾದರಿಗಳನ್ನೆಲ್ಲ ಸೋಮವಾರ ಹಳೇ ಬ್ಲೇಡಿನಲ್ಲೂ ಬಯಲಿನವನ್ನೆಲ್ಲ ಮಂಗಳವಾರ ಹೊಸ ಬ್ಲೇಡಿನಲ್ಲೂ ಅರೆದರೆ ಎರಡೂ ಸೀಮೆಗಳು ಅಂಕಿಗಳ ನಕ್ಷೆಯಲ್ಲಿ ಎಷ್ಟು ಚೆನ್ನಾಗಿ ಬೇರ್ಪಡುತ್ತವೆ ಎಂದರೆ, ನೋಡಿದವರು ಕೈಮುಗಿಯಬೇಕು. ಬೇರ್ಪಟ್ಟದ್ದು ಬ್ಲೇಡು ಎಂದು ಹೇಳುವವರು ಶುಭಕಾರ್ಯದಲ್ಲಿ ಸೀನುವ ಪೈಕಿ. ಮಾದರಿಗಳ ಸರದಿಯನ್ನು ಕಲಸಿಬಿಡಿ, ನಡುನಡುವೆ ಅಣಬೆಯಿಲ್ಲದ ಖಾಲಿ ಪರೀಕ್ಷೆ ಹಾಕಿ ಎಂದು ಅವರು ಗೊಣಗುತ್ತಿರುತ್ತಾರೆ.

ಧಾತುಗಳ ಲೆಕ್ಕಕ್ಕೆ ಸುಮಾರು 0.2 ಗ್ರಾಂ ಪುಡಿ, 5 ಮಿಲಿಲೀಟರ್ ನೈಟ್ರಿಕ್ ಆಮ್ಲ, 1 ಮಿಲಿಲೀಟರ್ ಹೈಡ್ರೋಜನ್ ಪೆರಾಕ್ಸೈಡ್. ಮುಚ್ಚಿದ ಪಾತ್ರೆಯಲ್ಲಿ, ಮೈಕ್ರೋವೇವ್ ಡೈಜೆಸ್ಟರಿನಲ್ಲಿ, 180 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕರಗಿಸಿ, ಧಾತುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರವಾದ ಐಸಿಪಿ-ಎಂಎಸ್‌ಗೆ ಕೊಡುತ್ತಾರೆ. ತಳದಲ್ಲಿ ಬಿಳಿ ಗಸಿ ಉಳಿದರೆ ಅದು ಅಣಬೆಯಲ್ಲ, ಮರಳು; ನೈಟ್ರಿಕ್ ಆಮ್ಲಕ್ಕೆ ಸಿಲಿಕೇಟ್ ಬಗ್ಗುವುದಿಲ್ಲ. ಅಲ್ಯೂಮಿನಿಯಂ, ಟೈಟೇನಿಯಂ ವಿಪರೀತ ಏರಿದ್ದರೆ 'ಮಣ್ಣಿನ ಗುಣ' ಎಂದು ಪುಳಕಗೊಳ್ಳಬೇಡಿ. ಅದು ಗುಣವಲ್ಲ, ಮಣ್ಣೇ. ಸರಿಯಾಗಿ ತೊಳೆದಿಲ್ಲ, ಅಷ್ಟೇ.

ಈ ಯಂತ್ರ ಆರ್ಸೆನಿಕ್ಕನ್ನೂ ತೋರಿಸುತ್ತದೆ. ಕೀಡಾ ಜಡಿಯ ಉತ್ಪನ್ನಗಳಲ್ಲಿ ಕಿಲೋಗೆ 4.4ರಿಂದ 9.9 ಮಿಲಿಗ್ರಾಂ ಆರ್ಸೆನಿಕ್ ಇದೆ, ಆರೋಗ್ಯ ಆಹಾರಕ್ಕೆ ಇರುವ ಮಿತಿ 1.0 ಮಿಲಿಗ್ರಾಂ ಎಂದು ಚೀನಾದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತ್ತು. ಬೇರೆಯವರಿಗೆ ಇದು ಎಚ್ಚರಿಕೆ, ಮೂಲಪರೀಕ್ಷಕರಿಗೆ ಸುಗ್ಗಿ. ಆರ್ಸೆನಿಕ್ ಇಲ್ಲದ ಕೀಡಾ ಜಡಿಯ ಶೀಲವನ್ನೇ ಶಂಕಿಸಬಹುದು! ತೂಕ ಬರಲೆಂದು ಹುಳುವಿನ ಹೊಟ್ಟೆಗೆ ಸೀಸದ ತಂತಿ ತೂರಿಸುವ ಪುಣ್ಯಾತ್ಮರೂ ಇದ್ದಾರೆ. ಅಂಥದ್ದು ಸಿಕ್ಕರೆ ಬಿಸಾಡಬಾರದು. ಸೀಸದ ನಾಲ್ಕು ಐಸೊಟೋಪುಗಳ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳ) ಪ್ರಮಾಣ ಅದುರಿನಿಂದ ಅದುರಿಗೆ ಬೇರೆಯಾಗುವುದರಿಂದ ಗಣಿಯ ಸುಳಿವು ಸಿಗುತ್ತದೆ. ಅಣಬೆಯ ಊರು ಗೊತ್ತಾಗದಿದ್ದರೂ ತಂತಿಯ ಊರು ಪತ್ತೆ.

ಸಾಕಿದ ಅಣಬೆಯ ಗೋತ್ರ ಇನ್ನೂ ಸ್ವಾರಸ್ಯದ್ದು. ಚೀಲದಲ್ಲಿ ಬೆಳೆಸುವವರ ಹಳೆಯ ಪಾಕ: ಮರದ ಹೊಟ್ಟು 78 ಪಾಲು, ತೌಡು 20, ಸಕ್ಕರೆ 1, ಜಿಪ್ಸಮ್ 1. ಹೊಟ್ಟು ಒಂದು ಸೀಮೆಯ ಕಾಡಿನದು, ತೌಡು ಇನ್ನೊಂದರ ಗಿರಣಿಯದು, ಬೀಜ ಮೂರನೆಯ ಊರಿನ ಪ್ರಯೋಗಾಲಯದ್ದು. ಈಗ ಐಸೊಟೋಪ್ ಕೇಳಿ. ಗೊತ್ತುಪಡಿಸಿದ ಮಾನದಂಡಕ್ಕೆ ಹೋಲಿಸಿದರೆ ಕಾರ್ಬನ್-13ರ ಮಟ್ಟ ಮರದಲ್ಲಿ ಸಾವಿರಕ್ಕೆ ಮೈನಸ್ 27ರ ಆಸುಪಾಸು, ಮೆಕ್ಕೆಜೋಳದಲ್ಲಿ ಮೈನಸ್ 12ರ ಆಸುಪಾಸು. ಅಣಬೆ ತಾನು ತಿಂದದ್ದನ್ನೇ ಸ್ವಲ್ಪ ಏರಿಸಿ ಹೇಳುತ್ತದೆ. ಅಂದರೆ ಹೊಟ್ಟಿನ ಬದಲು ಜೋಳದ ದಿಂಡು ಹಾಕಿದ ದಿನ ಇಡೀ ಶೆಡ್ಡು ಬೇರೆ ಸೀಮೆಗೆ ವಲಸೆ ಹೋಗುತ್ತದೆ. ಸ್ಟ್ರಾನ್ಷಿಯಂ ಐಸೊಟೋಪ್ ನಿಜಕ್ಕೂ ಗಟ್ಟಿ ಸಾಕ್ಷಿ, ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಬೇರಿಗೆ ಹೋಗುವಾಗ ಅದರ ಅನುಪಾತ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದರೆ ಕ್ಯಾಲ್ಸಿಯಂ ಎಲ್ಲಿದೆಯೋ ಅಲ್ಲಿ ಸ್ಟ್ರಾನ್ಷಿಯಂ ಅಂಟಿಕೊಂಡಿರುತ್ತದೆ. ಆ ಒಂದು ಪಾಲು ಜಿಪ್ಸಮ್ ತನ್ನ ಗಣಿಯ ಸ್ಟ್ರಾನ್ಷಿಯಂ ತಂದು, ಬೆಟ್ಟದ ಧ್ವನಿಯನ್ನು ಮುಚ್ಚಿಹಾಕುತ್ತದೆ.

ನೀರಾದರೂ ಸ್ಥಳೀಯವಲ್ಲವೇ, ಹೈಡ್ರೋಜನ್ ಐಸೊಟೋಪ್ ನೋಡೋಣ ಎನ್ನುತ್ತೀರಿ. ನೋಡಿ. ಅಣಬೆಯ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಯ ಪ್ರತಿ ಘಟಕದಲ್ಲಿ 10 ಹೈಡ್ರೋಜನ್. ಅದರಲ್ಲಿ 3 ಹೈಡ್ರಾಕ್ಸಿಲ್‌ನವು. ಈ ಮೂರಕ್ಕೆ ನಿಷ್ಠೆ ಎಂಬುದಿಲ್ಲ, ಗಾಳಿಯ ತೇವ ಸೋಕಿದರೆ ಅದರ ಜೊತೆ ಅದಲುಬದಲಾಗುತ್ತವೆ. ಗೊತ್ತಿರುವ ಮಟ್ಟದ ಆವಿಯಲ್ಲಿ ಮಾದರಿ ಮತ್ತು ಮಾನದಂಡವನ್ನು ಒಟ್ಟಿಗೇ ಕೂರಿಸಿ ಸಮ ಮಾಡದಿದ್ದರೆ, ವರದಿಯ ಒಂದಂಶ ಪ್ರಯೋಗಾಲಯದ ಕೋಣೆಯ ವಿಳಾಸವೇ.

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ ಇದೆ. ಒಂದೆರಡು ಮಿಲಿಗ್ರಾಂ ಪುಡಿ, ನೂರು ಪಟ್ಟು ಪೊಟ್ಯಾಸಿಯಂ ಬ್ರೋಮೈಡ್, ಒತ್ತಿದ ಬಿಲ್ಲೆ, ತರಂಗಸಂಖ್ಯೆ 4000ದಿಂದ 400ರವರೆಗೆ ಒಂದು ಗೆರೆ. ಬ್ರೋಮೈಡಿಗೆ ನೀರಿನ ಚಪಲ. ಮಳೆಗಾಲದಲ್ಲಿ ಒತ್ತಿದ ಬಿಲ್ಲೆಯ ಗೆರೆ 3400ರ ಹತ್ತಿರ, ನೀರಿನ ಜಾಗದಲ್ಲಿ, ಉಬ್ಬಿಕೊಳ್ಳುತ್ತದೆ. ಹೀಗಾಗಿ ಅಣಬೆಗಳು ಕೆಲವೊಮ್ಮೆ ಊರಿನ ಪ್ರಕಾರವಲ್ಲ, ಮಳೆ ಬಂದ ದಿನ, ಬಾರದ ದಿನ ಎಂದು ಗುಂಪಾಗುತ್ತವೆ.

ಕೊನೆಗೆ ಅಂಕಿಗಳ ಅಡುಗೆ, ಕೈಗುಣ ಕಾಣುವುದೇ ಇಲ್ಲಿ. ಮೂರು ಊರು, ಊರಿಗೆ 10ರಂತೆ 30 ಅಣಬೆ, ಪ್ರತಿಯೊಂದಕ್ಕೂ ಮೂರು ಸಲ ಸ್ಕ್ಯಾನ್. ಒಟ್ಟು 90 ಗೆರೆ, ಒಂದೊಂದರಲ್ಲೂ ಸಾವಿರಕ್ಕೂ ಹೆಚ್ಚು ಬಿಂದು. 30 ಅಣಬೆಗೆ ಸಾವಿರ ಬಿಂದು ಕೊಟ್ಟರೆ ಅವುಗಳನ್ನು ಊರಿನಿಂದಷ್ಟೇ ಅಲ್ಲ, ಅಕ್ಷರಮಾಲೆಯ ಕ್ರಮದಲ್ಲೂ ಬೇರ್ಪಡಿಸಬಹುದು. 90 ಗೆರೆಗಳನ್ನು ಕಣ್ಣುಮುಚ್ಚಿ ಎರಡು ಪಾಲು ಮಾಡಿ, ಒಂದರಿಂದ ಕಲಿಸಿ, ಇನ್ನೊಂದರಿಂದ ಪರೀಕ್ಷಿಸಿ. ಒಂದೇ ಅಣಬೆಯ ಮೊದಲ ಸ್ಕ್ಯಾನ್ ಪಾಠದಲ್ಲಿ, ಎರಡನೆಯದು ಪ್ರಶ್ನೆಪತ್ರಿಕೆಯಲ್ಲಿ. ನೂರಕ್ಕೆ ನೂರು! ಒಂದು ಇಡೀ ವರ್ಷದ ಕೊಯ್ಲನ್ನು ಪಾಠದಿಂದ ಹೊರಗಿಟ್ಟು ಅದರಿಂದಲೇ ಪರೀಕ್ಷಿಸಿ, ಊರಿನ ಹೆಸರುಗಳನ್ನು ಅದಲುಬದಲು ಮಾಡಿದಾಗಲೂ ಅಂಕ ಹೀಗೇ ಬರುತ್ತದೆಯೇ ನೋಡಿ ಎನ್ನುವವರನ್ನು ಪ್ರಮಾಣಪತ್ರದ ಸಮಾರಂಭಕ್ಕೆ ಕರೆಯುವ ರೂಢಿಯಿಲ್ಲ.

ಈ ಮಾದರಿಗಣಿತದ ದೊಡ್ಡ ಗುಣ ಅದರ ಔದಾರ್ಯ. 'ಗೊತ್ತಿಲ್ಲ' ಎಂಬ ಮಾತನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮಾದರಿಗಳನ್ನು ಗುಂಪಾಗಿ ವಿಂಗಡಿಸುವ ಲೆಕ್ಕವಾದ ಪಿಎಲ್‌ಎಸ್-ಡಿಎಗೆ ಮೂರು ಊರು ಕೊಟ್ಟು, ಅಂಕ ಹೆಚ್ಚು ಬಂದ ಊರೇ ಉತ್ತರ ಎಂಬ ನಿಯಮ ಹಾಕಿದರೆ, ನಾಲ್ಕನೆಯ ಊರಿನದನ್ನೂ ಆ ಮೂರರಲ್ಲೊಂದಕ್ಕೆ ದತ್ತು ಕೊಡುತ್ತದೆ. ಕುರ್ಚಿಯ ಕಾಲು ಕೆತ್ತಿ ಹಾಕಿದರೂ ಅದಕ್ಕೊಂದು ಹಿಮದ ಬೆಟ್ಟ ದಯಪಾಲಿಸುತ್ತದೆ. ಎರಡು ಸೀಮೆಯ ಪುಡಿ ಅರ್ಧರ್ಧ ಬೆರೆಸಿದರೆ ಮಿಶ್ರಣ ನಕ್ಷೆಯಲ್ಲಿ ಎರಡರ ನಡುವೆ ಬೀಳುತ್ತದೆ. ಅಲ್ಲಿ ಮೂರನೆಯ ಊರಿದ್ದರೆ ಪತ್ರ ಅದರ ಹೆಸರಿಗೆ, ಅದು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಊರು. ಸಾರ ತೆಗೆದು, ಜೋಳದ ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸಿದ್ದರೆ ಕಾರ್ಬನ್ ಜೋಳದ ಹೊಲದ ಕಥೆ ಹೇಳುತ್ತದೆ, ಲೋಹಗಳು ಸಾರ ಕುದಿಸಿದ ಕಾರ್ಖಾನೆಯ ನೀರಿನದು.

ಪತ್ರದ ಅಡಿಯಲ್ಲಿ ಸಣ್ಣ ಅಕ್ಷರದ ಸಾಲೊಂದಿದೆ: 'ಈ ಫಲಿತಾಂಶ ನಮಗೆ ಕಳುಹಿಸಿಕೊಟ್ಟ ಮಾದರಿಗೆ ಮಾತ್ರ ಅನ್ವಯಿಸುತ್ತದೆ.' ಮಾತು ಪ್ರಾಮಾಣಿಕವಾಗಿದೆ. ಆ ಮಾದರಿ 0.2 ಗ್ರಾಂ ಇತ್ತು, ನೈಟ್ರಿಕ್ ಆಮ್ಲದಲ್ಲಿ ಕರಗಿ ಹೋಯಿತು. ನಿಮ್ಮ ಡಬ್ಬಿಯಲ್ಲಿರುವುದು ಇನ್ನೊಂದು.