ಪೆಟ್ರೋಲ್ ಇಳೀತಿಲ್ಲ ಅಂದ್ರೆ ಕಾರ್ಬೊರೇಟರ್‌ಗೆ ಯಾಕ್ರೀ ಕೈ ಹಾಕ್ತೀರಾ?

ಮೈಸೂರಲ್ಲಿ ಹುಟ್ಟಿದ ಹಳೇ ಟೂ-ಸ್ಟ್ರೋಕ್ ಯೆಜ್ಡಿ ಬೈಕ್‌ಗೆ ಕೆಫೆ ರೇಸರ್ ಅಂತ ಹಳೇ ರೇಸ್ ಬೈಕಿನ ವೇಷ ಹಾಕೋ ಮಹಾನುಭಾವರೇ, ಸ್ವಲ್ಪ ಕೇಳಿಸ್ಕೊಳಿ. ಗಾಡಿ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ, ಊರೊಳಗೆ ಚೆನ್ನಾಗೇ ಓಡುತ್ತೆ, ಹೈವೇಲಿ 60 ದಾಟಿಸಿ ಸ್ವಲ್ಪ ದೂರ ಹೋದ್ರೆ ಮುಗ್ಗರಿಸುತ್ತೆ. ಎರಡು ನಿಮಿಷ ನಿಲ್ಲಿಸಿದ್ರೆ ಮತ್ತೆ ಸರಿ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಫ್ಲೋಟ್ ಬಟ್ಟಲು ತುಂಬೋದಕ್ಕಿಂತ ಬೇಗ ಖಾಲಿಯಾಗ್ತಿದೆ, ಅಷ್ಟೇ. ಅದಕ್ಕೆ ಇವರ ಮದ್ದು? ಬಟ್ಟಲಿಂದ ಇಂಜಿನ್‌ಗೆ ಪೆಟ್ರೋಲ್ ಬಿಡೋ ತೂತು, ಅಂದ್ರೆ ಮೇನ್ ಜೆಟ್, ಇನ್ನೂ ದೊಡ್ಡದು ಹಾಕೋದು! ಬಟ್ಟಲು ಇನ್ನೂ ಬೇಗ ಬರಿದಾಗುತ್ತೆ ಸ್ವಾಮಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಮುಗ್ಗರಿಸಿದ ತಕ್ಷಣ ಟ್ಯಾಂಕ್ ಮುಚ್ಚಳ ತೆಗೀರಿ. ಉಸ್ ಅಂತ ಗಾಳಿ ಒಳಗೆ ಎಳೆದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಕಟ್ಟದೆ ಇನ್ನೇನು, ಅದರ ಮೇಲೇ ಪ್ರೈಮರ್, ಬಣ್ಣ, ಲ್ಯಾಕರ್ ಹೊಡೆದಿದೀರಲ್ಲ!

ಅದಲ್ಲ ಅಂದ್ರೆ ಇಂಜಿನ್ ತಣ್ಣಗಾದ್ಮೇಲೆ ಕಾರ್ಬೊರೇಟರ್ ಕಡೆಯ ಪೈಪ್ ಕಿತ್ತು, ಅದೇ ಎತ್ತರದಲ್ಲಿ ಬಾಟಲಿಗೆ ಹಿಡಿದು ಒಂದು ನಿಮಿಷ ಬಿಡಿ. 60ರ ವೇಗದಲ್ಲಿ ಲೀಟರಿಗೆ 30 ಕಿ.ಮೀ. ಕೊಡೋ ಗಾಡಿಗೆ ನಿಮಿಷಕ್ಕೆ ಬೇಕಾಗೋದು ಸುಮಾರು 33 ಮಿಲಿ. ಫುಲ್ ಥ್ರಾಟಲ್ ಲೆಕ್ಕ ಹಿಡಿದು 150 ಮಿಲಿ ಒಂದೇ ಧಾರೆಯಾಗಿ ಬಂದ್ರೆ ನೆಮ್ಮದಿ. ಟ್ಯಾಂಕ್ ತುಂಬಾ ಇದ್ದಾಗ ಮಾತ್ರ ನೋಡಿ ಕೈ ತೊಳೀಬೇಡಿ, ರಿಸರ್ವ್‌ಗೆ ಹಾಕಿ, ಪೆಟ್ರೋಲ್ ಕಮ್ಮಿ ಇದ್ದಾಗಲೂ ನೋಡಿ. ಚಪ್ಪಟೆ ಟ್ಯಾಂಕ್ ಕೂರಿಸಿ ಕಾಕನ್ನ (ಪೆಟ್ರೋಲ್ ನಲ್ಲಿ) ಟ್ಯಾಂಕ್ ತಳಕ್ಕಿಂತ ಮೇಲೆ ವೆಲ್ಡ್ ಮಾಡಿದವರ ಬಂಡವಾಳ ಬಯಲಾಗೋದು ಆಗಲೇ. ಫ್ರೇಮ್‌ನ ಎರಡೂ ಪಕ್ಕ ಇಳಿಬಿದ್ದ ಟ್ಯಾಂಕ್‌ನಲ್ಲಿ ಆ ಕಡೆ ಉಳಿದ ಪೆಟ್ರೋಲ್ ಈ ಕಡೆಗೆ ಹಾರಿ ಬರಲ್ಲ. ಎರಡೂ ಕಡೆಗೆ ಅಡಿಯಲ್ಲಿ ಪೈಪ್ ಜೋಡಿಸ್ಬೇಕು.

ಧಾರೆ ಮೊದಲು ಜೋರಾಗಿದ್ದು ಆಮೇಲೆ ತೊಟ್ಟಿಕ್ಕಿದ್ರೆ ಕಾಕ್ ಬಿಚ್ಚಿ ಜಾಲರಿ ನೋಡಿ. ತುಕ್ಕಿನ ಕೆಸರು ಇರುತ್ತೆ. ಬರೀ ಜಾಲರಿ ತೊಳೆದು ಹಾಕಿದ್ರೆ ವಾರಕ್ಕೆ ಅದೇ ಕಥೆ. ಟ್ಯಾಂಕನ್ನೇ ಕೆಳಗಿಳಿಸಿ, ಲೀಟರ್ ಬಿಸಿನೀರಿಗೆ 100 ಗ್ರಾಂನಷ್ಟು ಸಿಟ್ರಿಕ್ ಆಸಿಡ್ ಕಲಸಿ ರಾತ್ರಿಯಿಡೀ ನೆನೆಸಿ, ಅಡುಗೆ ಸೋಡಾ ನೀರಲ್ಲಿ ಜಾಲಾಡಿ, ಪೂರ್ತಿ ಒಣಗಿಸಿ, ಕೂಡಲೇ ಆಯಿಲ್ ಬೆರೆಸಿದ ಪೆಟ್ರೋಲ್ ಆಡಿಸಿ. ತಡ ಮಾಡಿದ್ರೆ ಮತ್ತೆ ತುಕ್ಕು.

ಇನ್ನು ಪೆಟ್ರೋಲ್ ಪೈಪ್‌ಗೆ ಸಿಕ್ಕಿಸೋ ಆ ಕಾರಿನ ಪೇಪರ್ ಫಿಲ್ಟರ್! ಅದು ಪಂಪಿನ ಒತ್ತಡಕ್ಕೆ ಮಾಡಿದ್ದು, ಇಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ಇಳೀಬೇಕು. ಜಾಲರಿ ಫಿಲ್ಟರ್ ಸಾಕು. (ಅದು ಅರ್ಧ ಖಾಲಿ ಕಂಡ್ರೆ ಗಾಬರಿ ಬೇಡ, ಧಾರೆ ಸರಿ ಇದ್ರೆ ಆಯ್ತು.) ಚೆಂದ ಕಾಣ್ಲಿ ಅಂತ ಪೈಪನ್ನ ಮೇಲಕ್ಕೆ ಬಾಗಿಸಿ ಸುತ್ತಿದ್ರೆ ಗಾಳಿ ಸಿಕ್ಕಿಹಾಕ್ಕೊಳುತ್ತೆ, ಸಿಲಿಂಡರ್‌ಗೆ ತಾಗಿಸಿದ್ರೆ ಬಿಸಿಗೆ ಪೆಟ್ರೋಲ್ ಆವಿಯಾಗುತ್ತೆ.

ಪೈಪ್‌ನಲ್ಲಿ ಧಾರೆ ಚೆನ್ನಾಗಿದ್ದು, ಪೈಪ್ ಹಾಕಿ ಬಟ್ಟಲಿನ ತಳದ ಬೋಲ್ಟ್ ಬಿಚ್ಚಿದಾಗ ತೊಟ್ಟಿಕ್ಕಿದ್ರೆ ಮಾತ್ರ ಬಟ್ಟಲಿಗೆ ಪೆಟ್ರೋಲ್ ಬಿಡೋದು, ತಡೆಯೋದು ಮಾಡೋ ಫ್ಲೋಟ್, ನೀಡಲ್ ವಾಲ್ವ್ ಮುಟ್ಟಿ.

ಯೆಜ್ಡಿಗೆ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ನಿಂತ್ರೆ ಆಯಿಲೂ ನಿಂತು ಪಿಸ್ಟನ್ ಜಾಮ್. ಸಿಲಿಂಡರ್ ಕೊರೆದು ಸರಿಮಾಡೋ ರೀಬೋರ್ ಬಿಲ್ ಬರೆಯೋದು ಮತ್ತೆ ವೇಷ ಹಾಕಿದ ಅದೇ ಅಂಗಡಿ, "ಹಳೇ ಗಾಡಿ ಸಾರ್, ಇದೆಲ್ಲ ಇದ್ದಿದ್ದೇ" ಅಂತ ಬೇರೆ!