ಪ್ರತಿಭಾ ಪುರಸ್ಕಾರ ಯಾರಿಗೆ?

ಹತ್ತನೇ ತರಗತಿ ರಿಸಲ್ಟ್ ಬಂತು ಅಂದರೆ ಮುಂಬೈಯ ನಮ್ಮ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸೀಸನ್ ಶುರು. ಶಾಲು, ಫಲಕ, ಒಂದು ಕವರು, ಅಧ್ಯಕ್ಷರ ಜೊತೆ ಫೋಟೋ. ಮಕ್ಕಳ ಬಗ್ಗೆ ನನ್ನ ತಕರಾರಿಲ್ಲ, ಓದಿದ್ದಾರೆ, ಖುಷಿಪಡಲಿ. ಆದರೆ ವೇದಿಕೆಯಿಂದ ಪ್ರತಿ ವರ್ಷ ಒಂದು ಭಾಷಣ ಬರುತ್ತದಲ್ಲ, "ನಾವು ಹೋಟೆಲಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು, ಮನಸ್ಸಿದ್ದರೆ ಯಾರು ಬೇಕಾದರೂ ಓದಬಹುದು" ಅಂತ. ಅದು ಅರ್ಧ ಸತ್ಯ.

ನಮ್ಮಪ್ಪನೂ ಹಾಗೇ ಬಂದವರು. ಕಾರ್ಕಳ ಕಡೆಯಿಂದ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ದಿನವಿಡೀ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದರು. ಕಷ್ಟಪಟ್ಟಿಲ್ಲ ಅನ್ನಲ್ಲ. ಆದರೆ ಪಾಠ ಕನ್ನಡದಲ್ಲಿತ್ತು. ಫೀಸು ಹೆಸರಿಗಷ್ಟೇ. ಸಮಾಜದವರು ಕೈಯಿಂದ ದುಡ್ಡು ಹಾಕಿ ಶಾಲೆ ನಡೆಸುತ್ತಿದ್ದರು. ಹಗಲು ಆಫೀಸು ಮಾಡಿದ ಮಾಸ್ತರರು ಸಂಜೆ ಬಂದು ಕಲಿಸುತ್ತಿದ್ದರು. ಊಟ, ಮಲಗಲು ಜಾಗ ಎರಡೂ ಹೋಟೆಲಿನಲ್ಲೇ. ಅಪ್ಪ ಏಣಿ ಹತ್ತಿದರು, ಸರಿ. ಅದನ್ನು ತಂದು ನಿಲ್ಲಿಸಿದವರ ಸುದ್ದಿ ಭಾಷಣದಲ್ಲಿ ಬರುವುದೇ ಇಲ್ಲ.

ನನ್ನ ಮಗಳಿಗೂ ಈ ಸಲ ಶಾಲು ಸಿಕ್ಕಿದೆ. ಅದರ ಹಿಂದೆ ಏನಿತ್ತು ಗೊತ್ತಾ? ಐಸಿಎಸ್‌ಇ ಶಾಲೆಯ ಫೀಸು. ಗಣಿತಕ್ಕೊಂದು, ಸೈನ್ಸ್‌ಗೊಂದು ಟ್ಯೂಷನ್. ಬಾಗಿಲು ಹಾಕಿಕೊಂಡು ಓದಲು ಅವಳದೇ ಕೋಣೆ (ಮುಂಬೈಯಲ್ಲಿ ಇದಕ್ಕಿಂತ ದೊಡ್ಡ ಸವಲತ್ತು ಬೇರೆ ಇಲ್ಲ). ಪರೀಕ್ಷೆ ತಿಂಗಳು ರಜೆ ಹಾಕಿದ ಅಮ್ಮ. ಮಾರ್ಕ್ಸ್ ಕಡಿಮೆ ಕೊಟ್ಟರೆ ಶಾಲೆಗೆ ಹೋಗಿ ಇಂಗ್ಲಿಷಿನಲ್ಲಿ ವಾದ ಮಾಡುವ ಅಪ್ಪ. ಇಷ್ಟೆಲ್ಲ ಸೇರಿ ಬಂದದ್ದಕ್ಕೆ ನಾವು ಪ್ರತಿಭೆ ಅಂತ ಹೆಸರಿಟ್ಟಿದ್ದೇವೆ.

ಮುಲುಂಡಿನ ನಮ್ಮ ಸೊಸೈಟಿ ಪಕ್ಕದ ಸೈಟಿನಲ್ಲಿ ಯಾದಗಿರಿ ಕಡೆಯವರೊಬ್ಬರು ಗಾರೆ ಕೆಲಸ ಮಾಡುತ್ತಾರೆ. ಅವರ ಮಗ ಒಂದನೇ ಕ್ಲಾಸು ಊರಲ್ಲಿ ಅಜ್ಜಿ ಹತ್ತಿರ ಕನ್ನಡದಲ್ಲಿ ಓದಿದ. ಆಮೇಲೆ ಇಲ್ಲಿ ಮರಾಠಿ ಶಾಲೆ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಇದೆ. ಆದರೆ ಸೈಟು ಬದಲಾದ ಹಾಗೆ ಮನೆ ಬದಲಾಗುವವರಿಗೆ ಹತ್ತಿರ ಸಿಕ್ಕಿದ್ದೇ ಶಾಲೆ, ಅಲ್ವಾ? ಹುಡುಗನಿಗೆ ಶೇ. 61 ಬಂತು. ನನ್ನ ಲೆಕ್ಕದಲ್ಲಿ ಅದು ನನ್ನ ಮಗಳ 94ಕ್ಕಿಂತ ಜಾಸ್ತಿ.

ಅವನ ತಂಗಿಗೆ ಆರ್‌ಟಿಇ ಸೀಟಿಗೆ (ಶಿಕ್ಷಣ ಹಕ್ಕು ಕಾನೂನಿನಡಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಪುಕ್ಕಟೆ ಕೊಡಬೇಕಾದ 25% ಸೀಟು) ಅರ್ಜಿ ಹಾಕಿ ಅಂದೆ. ಹುಡುಗನ ಅಪ್ಪ ನಕ್ಕುಬಿಟ್ಟರು. "ಬಾಡಿಗಿ ಕರಾರು ರಿಜಿಸ್ಟರ್ ಮಾಡಿಸ್ಕೊಂಡ್ ಬರ್ರಿ ಅಂತಾರ್ರಿ. ಮಾಲಕನ್ನ ಕೇಳಿದ್ರ ಖೋಲಿ ಖಾಲಿ ಮಾಡು ಅಂತಾನ್ರಿ." ಬಡವರಿಗೆಂದೇ ಇರುವ ಸೀಟು, ಆದರೆ ಕಾಗದಪತ್ರ ಗಟ್ಟಿ ಇದ್ದವರಿಗೇ ಸಲೀಸು. ಸಿಕ್ಕರೂ ಪುಕ್ಕಟೆ ಎಂಟನೇ ತರಗತಿವರೆಗೆ ಮಾತ್ರ. ಒಂಬತ್ತಕ್ಕೆ ಬಂದಾಗ ಪೂರ್ತಿ ಫೀಸು ಎದುರಿಗೆ ನಿಲ್ಲುತ್ತದೆ.

ಸರ್ಕಾರವೂ ಕಡಿಮೆಯೇನಿಲ್ಲ. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ 25% ಸೀಟು ಕೊಡಬೇಕಾಗಿಲ್ಲ ಅಂತ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ನಿಯಮ ತಂದಿತ್ತು. ಮುಂಬೈಯಂಥ ಊರಲ್ಲಿ ಹಾಗೆಂದರೆ ಹೆಚ್ಚುಕಡಿಮೆ ಯಾರೂ ಕೊಡಬೇಕಾಗಿಲ್ಲ ಅಂತಲೇ. ಬಾಂಬೆ ಹೈಕೋರ್ಟ್ ಜುಲೈಯಲ್ಲಿ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟೂ ಒಪ್ಪಿತು.

ಇನ್ನು ನಮ್ಮವರಿಗೆ ಹಿಡಿಸದ ಮಾತು. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾನೂನೇ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಪಸಂಖ್ಯಾತರು ಅಂದರೆ ಧರ್ಮದ್ದಷ್ಟೇ ಅಲ್ಲ, ಭಾಷೆಯದ್ದೂ. ಹಾಗಾಗಿ ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತ ಅಂತ ಮಾನ್ಯತೆ ಪಡೆದ ಕನ್ನಡಿಗರ ಶಾಲೆಗೂ ಆ 25% ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆ ಸಂಶಯ ಎತ್ತಿ, ದೊಡ್ಡ ಪೀಠ ನೋಡಲಿ ಅಂತ ಕಳಿಸಿದ್ದಾರೆ. ಅದು ಹೇಗೂ ಆಗಲಿ. ಕನ್ನಡಿಗರ ಹೆಸರಲ್ಲಿ ವಿನಾಯಿತಿ ಪಡೆಯುವಾಗ ಯಾವ ಕನ್ನಡಿಗ ನಮ್ಮ ಕಣ್ಣ ಮುಂದಿರುತ್ತಾನೆ? ಸೈಟಿನಲ್ಲಿ ಇಟ್ಟಿಗೆ ಹೊರುವವನೂ ಕನ್ನಡವನ್ನೇ ಮಾತಾಡುತ್ತಾನೆ, ನಮ್ಮ ಮಕ್ಕಳಿಗಿಂತ ಚೆನ್ನಾಗಿ.

ಶಾಲೆ ನಡೆಸುವುದು ಸುಲಭವಲ್ಲ, ಟೀಚರುಗಳಿಗೆ ಸಂಬಳ ಕೊಡಬೇಕು ಅನ್ನುತ್ತೀರಿ. ಒಪ್ಪುತ್ತೇನೆ. ಆದರೆ ಊರಿಂದ ಯಕ್ಷಗಾನ ಮೇಳ ಕರೆಸಬೇಕು ಅಂದರೆ ಒಂದು ವಾರದಲ್ಲಿ ದುಡ್ಡು ಸೇರಿಸುವ ಜನ ನಾವು.

ಈ ಸಲದ ಮಹಾಸಭೆಯಲ್ಲಿ ಮೂರು ವಿಷಯ ಎತ್ತುತ್ತೇನೆ, ಬೈದರೂ ಪರವಾಗಿಲ್ಲ. ಆರ್‌ಟಿಇ ಅರ್ಜಿ ಶುರುವಾದಾಗ ಭಾನುವಾರ ಸಂಘದ ಆಫೀಸು ತೆರೆದು ಫಾರ್ಮ್ ತುಂಬಿಸಿ ಕೊಡಿ, ತಹಶೀಲ್ದಾರ್ ಕಚೇರಿಗೆ ಜೊತೆಗೆ ಯಾರಾದರೂ ಹೋಗಿ. ಒಂಬತ್ತು, ಹತ್ತರ ಫೀಸಿಗೆ ಒಂದು ನಿಧಿ ಇಡಿ. ಪುರಸ್ಕಾರಕ್ಕೆ ಇಟ್ಟಿರುವ ಶೇ. 90ರ ಗೆರೆ ತೆಗೆಯಿರಿ. ಮನೆಯಲ್ಲಿ ಮೊದಲ ಸಲ ಹತ್ತನೇ ಕ್ಲಾಸು ಪಾಸಾದ ಹುಡುಗ ಹುಡುಗಿಯರ ಪಟ್ಟಿ ಮಾಡಿ. ಯಾದಗಿರಿಯ ಆ ಹುಡುಗನ ಹೆಸರು ನಾನೇ ಬರೆಸುತ್ತೇನೆ.