ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿ ಕೆಡಿಸುವವರು

ಒಂದು ಕಂತು ಪ್ರಸಾರವಾಗಿ ಎರಡು ಗಂಟೆ ಕಳೆಯುವುದರೊಳಗೆ ಅದರಲ್ಲಿ ಯಾರು ಸತ್ತರು, ಯಾರು ಯಾರನ್ನು ಸುಟ್ಟರು ಎಂಬುದನ್ನು ಚಿತ್ರಸಮೇತ ಊರಿಗೆಲ್ಲ ಸಾರುವವರ ಮೇಲೆ ನನಗಿರುವ ಸಿಟ್ಟು ಇವತ್ತು ನಿನ್ನೆಯದಲ್ಲ. ಆದರೆ ‘ಹೌಸ್ ಆಫ್ ದಿ ಡ್ರ್ಯಾಗನ್’ ಎಂಬ ಟೀವಿ ಸರಣಿಯ ಎರಡನೆಯ ಸೀಸನ್ನಿನ ನಾಲ್ಕನೆಯ ಕಂತಿನ ವಿಷಯದಲ್ಲಿ ನನ್ನವರೇ ಮಾಡಿದ್ದನ್ನು ಮಾತ್ರ ಇನ್ನೂ ಜೀರ್ಣಿಸಿಕೊಳ್ಳಲು ಆಗಿಲ್ಲ. ಇಷ್ಟು ಕಾಲ ಬರೆಯದೆ ಇದ್ದುದಕ್ಕೆ ಕಾರಣ, ನೋಡದವರು ಯಾರಾದರೂ ಉಳಿದಿದ್ದರೆ ಅವರಿಗೂ ನನ್ನ ಗತಿಯೇ ಬರಬಾರದೆಂಬುದು. ನೋಡಬೇಕಾದವರು ಬಹುತೇಕ ನೋಡಿ ಮುಗಿಸಿದ್ದಾರೆ. ಇನ್ನೂ ನೋಡಬೇಕೆಂದು ಇಟ್ಟುಕೊಂಡವರು ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಿ. ನೋಡಿ, ಇಷ್ಟು ಹೇಳುವುದಕ್ಕೆ ಒಂದು ವಾಕ್ಯ ಸಾಕಾಗುತ್ತದೆ.

ಅಮೆರಿಕದಲ್ಲಿ 2024ರ ಜುಲೈ 7ರ ಭಾನುವಾರ ರಾತ್ರಿ ಒಂಬತ್ತಕ್ಕೆ ಬಂದ ಆ ಕಂತು ನಮ್ಮ ದೇಶದಲ್ಲಿ ಸೋಮವಾರ ಬೆಳಿಗ್ಗೆ ಆರೂವರೆಗೆ ಸಿಕ್ಕಿತು. ಬೆಂಗಳೂರಿನಲ್ಲಿರುವವರು ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ನೋಡಿ, ಸ್ನಾನ ಮಾಡಿ, ಆಫೀಸಿನ ದಾರಿಯಲ್ಲಿ ಅದರ ಬಗ್ಗೆ ತೀರ್ಪು ಕೊಡಬಹುದು. ಶಿರಸಿಯಿಂದ ದೇವಿಮನೆ ಘಟ್ಟದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ನಮ್ಮಂಥ ಹಳ್ಳಿಗಳಲ್ಲಿ ಜುಲೈ ತಿಂಗಳು ಬೇರೆಯೇ ಲೆಕ್ಕದ್ದು. ಗಾಳಿಮಳೆಗೆ ಮರ ಬಿದ್ದು ಲೈನು ಕಡಿದರೆ ಕರೆಂಟು ಯಾವಾಗ ಬರುತ್ತದೆಂದು ಲೈನ್‌ಮನ್ನಿಗೂ ಹೇಳಲು ಬರುವುದಿಲ್ಲ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಫೋನು ಬರೀ ಗಡಿಯಾರವಾಗುತ್ತದೆ. ಅದರ ಮೇಲೆ ಅಂದು ಮಳೆ ಬಿಡುವು ಕೊಟ್ಟು ಹೊಳವಾಗಿತ್ತು. ಹೊಳವು ಸಿಕ್ಕ ದಿನ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸದಿದ್ದರೆ ವರ್ಷದ ಫಸಲು ಮರದ ಬುಡದಲ್ಲಿ ಬಿದ್ದು ಕೊಳೆಯುತ್ತದೆಂಬುದು ತೋಟ ಇದ್ದವರಿಗೆಲ್ಲ ಗೊತ್ತಿರುವ ಮಾತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರುವುದರೊಳಗೆ ಮೈಲುತುತ್ತ ಕರಗಿಸಿ, ಸುಣ್ಣದ ನೀರಿಗೆ ಸೇರಿಸಿ ಡ್ರಮ್ಮು ತುಂಬಿಸಿಡುವ ಮನುಷ್ಯನಿಗೆ ಬೆಳಿಗ್ಗೆ ಆರೂವರೆಗೆ ಡ್ರ್ಯಾಗನ್ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು?

ಮಧ್ಯಾಹ್ನ ಊಟ ಮುಗಿಸಿ, ಟವರ್ ಸಿಗುವ ಬೆಟ್ಟದ ನೆತ್ತಿಗೆ ಹತ್ತಿ, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಉಳಿದಿದ್ದ ಬೆರಳಿನಿಂದ ಕಂತನ್ನು ಡೌನ್‌ಲೋಡಿಗೆ ಹಾಕಿದೆ. ರಾತ್ರಿ ಮನೆಯಲ್ಲಿ ನೆಮ್ಮದಿಯಿಂದ ನೋಡಬಹುದೆಂಬ ಆಸೆ. ಅದು ಶೇಕಡಾ ಎರಡಕ್ಕೆ ಬಂದು ನಿಂತಿತು. ಅದೇ ಒಂದು ಗೆರೆ ನೆಟ್‌ವರ್ಕಿನಲ್ಲಿ ಬೆಳಗಿನಿಂದ ತಡೆದುಕೊಂಡಿದ್ದ ಸಂದೇಶಗಳೆಲ್ಲ ದಡದಡನೆ ಇಳಿದವು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, ಚಿಕ್ಕಮ್ಮ ಹಾಕಿದ್ದ ‘ಶುಭ ಸೋಮವಾರ’ದ ಶಿವಲಿಂಗದ ಕೆಳಗೆ, ಬೆಂಗಳೂರಿನಲ್ಲಿರುವ ಅತ್ತೆಯ ಮಗ ಕಳಿಸಿದ ಚಿತ್ರವಿತ್ತು: ಬೆಂಕಿಯಲ್ಲಿ ಮುಳುಗಿದ ಚಿನ್ನದ ಬಣ್ಣದ ಡ್ರ್ಯಾಗನ್, ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನ ಮುಖ, ಮೇಲೆ ದಪ್ಪ ಅಕ್ಷರದಲ್ಲಿ ‘ಅಣ್ಣನನ್ನೇ ಹುರಿದ ತಮ್ಮ’, ಕೊನೆಯಲ್ಲಿ ನಕ್ಕು ನಕ್ಕು ಅಳುವ ಮೂರು ಮುಖಗಳು. ಇಲ್ಲಿರುವ ಅನ್ಯಾಯವನ್ನು ನಗರದವರು ಎಂದೂ ಗಮನಿಸಿರಲಿಕ್ಕಿಲ್ಲ. ಒಂದು ಗಂಟೆಯ ಕಂತು ಬರಲು ನೂರಾರು ಎಂಬಿ ಬೇಕು, ಅದನ್ನು ಹಾಳುಮಾಡುವ ಚಿತ್ರಕ್ಕೆ ನೂರು ಕೆಬಿ ಸಾಕು. ಆದ್ದರಿಂದ ನೆಟ್‌ವರ್ಕ್ ಕಡಿಮೆಯಿದ್ದಲ್ಲಿ ಕಥೆಗಿಂತ ಮೊದಲು ಕಥೆಯನ್ನು ಕೆಡಿಸುವುದೇ ಬಂದು ತಲುಪುತ್ತದೆ, ಯಾವತ್ತೂ.

ಸಿಟ್ಟು ತಡೆಯದೆ ಫೋನು ಮಾಡಿದರೆ ಅವನು ಹೇಳಿದ್ದು ಹೀಗೆ: “ಎಂತಕ್ಕೆ ಸಿಟ್ಟು ಮಾಡ್ತೆ ಭಾವ? ನೀ ಪುಸ್ತಕ ಓದಿದ್ದೆ ಅಲ್ದಾ, ನಿಂಗೆ ಎಲ್ಲಾ ಗೊತ್ತಿದ್ದಿದ್ದೇ ಅಲ್ದಾ?”

ಹೌದು, ಓದಿದ್ದೇನೆ, ಮತ್ತು ಓದಿದ್ದರಿಂದಲೇ ನನ್ನ ಸಿಟ್ಟು ಇಮ್ಮಡಿಯಾಯಿತು. ಈ ಸರಣಿಗೆ ಮೂಲವಾದ ‘ಫೈರ್ ಆ್ಯಂಡ್ ಬ್ಲಡ್’ 2018ರಲ್ಲಿ ಪ್ರಕಟವಾಯಿತು. ಜಾರ್ಜ್ ಆರ್. ಆರ್. ಮಾರ್ಟಿನ್ ಅದನ್ನು ಮಾಮೂಲಿ ಕಾದಂಬರಿಯ ಹಾಗೆ ಬರೆಯದೆ, ಟಾರ್ಗೇರಿಯನ್ ರಾಜವಂಶದ ಚರಿತ್ರೆಯನ್ನು ಗಿಲ್ಡೇನ್ ಎಂಬ ಕಲ್ಪಿತ ವಿದ್ವಾಂಸ ಹಳೆಯ ದಾಖಲೆಗಳಿಂದ ಹೆಕ್ಕಿ ಬರೆದಂತೆ ಬರೆದಿದ್ದಾರೆ. ಅಲ್ಲಿ ಧರ್ಮಗುರುವೊಬ್ಬ ಒಂದು ಹೇಳಿದರೆ ಆಸ್ಥಾನದ ವಿದೂಷಕ ಮಶ್ರೂಮ್ ಅದೇ ಪ್ರಸಂಗಕ್ಕೆ ಖಾರ ಸೇರಿಸಿ ಇನ್ನೊಂದು ಹೇಳುತ್ತಾನೆ. ರೂಕ್ಸ್ ರೆಸ್ಟ್ ಕೋಟೆಯ ಎದುರಿನ ಯುದ್ಧದಲ್ಲಿ ರಾಜಕುಮಾರಿ ರೇನಿಸ್ ತನ್ನ ಕೆಂಪು ಡ್ರ್ಯಾಗನ್ ಮೆಲೀಸ್ ಜೊತೆಗೆ ಸಾಯುತ್ತಾಳೆಂಬುದು ಪುಸ್ತಕ ಓದಿದ ನನಗೆ ಗೊತ್ತಿತ್ತು. ರಾಜ ಏಗಾನ್‌ನ ಕವಚ ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಪಕ್ಕೆಲುಬು ಮತ್ತು ಸೊಂಟದ ಮೂಳೆ ಮುರಿಯುತ್ತವೆ ಎಂಬುದೂ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಅಣ್ಣ ಏಗಾನ್ ಮತ್ತು ತಮ್ಮ ಏಮಂಡ್ ಇಬ್ಬರೂ ಸೇರಿ ಹೊಂಚು ಹಾಕಿ, ಇಬ್ಬರೂ ಒಟ್ಟಿಗೆ ರೇನಿಸ್ ಮೇಲೆ ಬೀಳುತ್ತಾರೆ. ತಮ್ಮನೇ ಅಣ್ಣನ ಮೇಲೆ ಬೆಂಕಿ ಉಗುಳಿಸಿದನೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಅದು ಟೀವಿಯವರು ಹೊಸದಾಗಿ ಸೇರಿಸಿದ್ದು. ಅಂದರೆ ಪುಸ್ತಕ ಓದಿದವರಿಗೂ ಓದದವರಿಗೂ ಸಮಾನವಾಗಿ ಗೊತ್ತಿಲ್ಲದೆ ಉಳಿದಿದ್ದ ಒಂದೇ ಒಂದು ಸಂಗತಿಯನ್ನು ಆರಿಸಿ, ಅದನ್ನೇ ಚಿತ್ರ ಮಾಡಿ, ಅದನ್ನೇ ಹಂಚಿ, ಕೊನೆಗೆ ‘ಪುಸ್ತಕದಲ್ಲಿ ಇದೆಯಲ್ಲ’ ಎಂದು ನನಗೇ ಪಾಠ ಹೇಳಲು ಬಂದರು. ಅವನು ಪುಸ್ತಕದ ರಕ್ಷಾಪುಟವನ್ನಾದರೂ ಮುಟ್ಟಿದ್ದಾನೆಯೇ ಎಂದು ಕೇಳಬೇಕೆನಿಸಿತು. ಅತ್ತೆಯ ಮುಖ ನೋಡಿ ಬಿಟ್ಟೆ.

ಆ ದೃಶ್ಯವನ್ನು ಕಟ್ಟಿದ ರೀತಿಯನ್ನು ನೋಡಿದರೆ ಕಳೆದುಕೊಂಡದ್ದು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹಿಂದಿನ ಕಂತಿನಲ್ಲಿ ವೇಶ್ಯಾಗೃಹದಲ್ಲಿ ತಮ್ಮನನ್ನು ಕಂಡ ಏಗಾನ್ ತನ್ನ ಗೆಳೆಯರ ಎದುರಿಗೆ ಅವನನ್ನು ಗೇಲಿ ಮಾಡಿ ನಗುತ್ತಾನೆ. ಈ ಕಂತಿನ ಮೊದಲ ಭಾಗದಲ್ಲಿ ಮಂತ್ರಾಲೋಚನೆಯ ಸಭೆಯಲ್ಲಿ ಏಮಂಡ್ ಹಳೆಯ ವಲೇರಿಯನ್ ಭಾಷೆಯಲ್ಲಿ ನಿರರ್ಗಳವಾಗಿ ಅಣ್ಣನನ್ನು ಛೇಡಿಸಿದಾಗ, ರಾಜನಾದವನು ತನ್ನ ವಂಶದ ಭಾಷೆಯಲ್ಲಿ ನಾಲ್ಕು ಶಬ್ದ ಜೋಡಿಸಲಾಗದೆ ತಡವರಿಸುತ್ತಾನೆ. ತಾಯಿಯಿಂದಲೂ ಮಾತು ಕೇಳಿಸಿಕೊಂಡು, ಕುಡಿದು, ಯಾರೂ ಕರೆಯದಿದ್ದರೂ ಯುದ್ಧಕ್ಕೆ ಹಾರಿ ಬರುತ್ತಾನೆ. ಕಾಡಿನಲ್ಲಿ ವೇಗಾರ್ ಎಂಬ ಆ ಬೆಟ್ಟದಂಥ ಡ್ರ್ಯಾಗನ್ನಿನೊಂದಿಗೆ ಅಡಗಿ ಕುಳಿತ ಏಮಂಡ್ ಅಣ್ಣ ಬಂದುದನ್ನು ಕಂಡೂ ತಕ್ಷಣ ಏಳುವುದಿಲ್ಲ. ಕೊನೆಗೆ ಎದ್ದಾಗ, ತಮ್ಮ ಬಂದನೆಂದು ಏಗಾನ್‌ನ ಮುಖ ಒಂದು ಕ್ಷಣ ಅರಳುತ್ತದೆ, ಮರುಕ್ಷಣ ಬೆಂಕಿ. ಆ ಒಂದು ಕ್ಷಣ ಅವನ ಜೊತೆಗೆ ನಮಗೂ ‘ಬದುಕಿದ’ ಎನ್ನಿಸಬೇಕು. ಅದಕ್ಕಾಗಿಯೇ ಎರಡು ಕಂತುಗಳಿಂದ ಎಲ್ಲವನ್ನೂ ಹಣಿಮಾಡಿ ತಂದಿದ್ದಾರೆ. ಮರುದಿನ ರಾತ್ರಿ ಕರೆಂಟು ಬಂದ ಮೇಲೆ ನಾನು ನೋಡುವಾಗ ಆ ಸಭೆಯ ದೃಶ್ಯಕ್ಕೇ ನನಗೆ ಮುಂದಿನದು ಕಾಣುತ್ತಿತ್ತು, ಏಗಾನ್‌ನ ಮುಖ ಅರಳಿದಾಗ ನನಗೆ ನೆನಪಾದದ್ದು ನಕ್ಕು ಅಳುವ ಆ ಮೂರು ಮುಖಗಳು.

ಇದೇ ಜನ ಮೊದಲ ಮೂರು ಕಂತುಗಳು ಬಂದಾಗ ‘ಬರೀ ಮಾತು, ಒಂದು ಹೊಡೆದಾಟ ಇಲ್ಲ’ ಎಂದು ಗೊಣಗಿದವರು. ನಾಲ್ಕನೆಯದು ಬಂದ ಕೂಡಲೇ ಹತ್ತಕ್ಕೆ ಹತ್ತು ಅಂಕ, ‘ಬೆಂಕಿ ಎಪಿಸೋಡು’ ಎಂಬ ಸ್ಟೇಟಸ್ಸು. ಕಥೆಯಲ್ಲಿ ಸಿಂಹಾಸನಕ್ಕಾಗಿ ಹೊಡೆದಾಡುವ ಎರಡು ಬಣಗಳ ಹೆಸರು ಹಿಡಿದು, ಹಸಿರು ಪಕ್ಷದವರು, ಕಪ್ಪು ಪಕ್ಷದವರು ಎಂದು ಎರಡು ಪಂಗಡವಾಗಿ ಗುಂಪಿನಲ್ಲೇ ಜಗಳ ಬೇರೆ. ಸರಣಿಯವರೇ ಎರಡೂ ಕಡೆಯವರಿಗೆ ಬೇರೆ ಬೇರೆ ಟ್ರೇಲರ್ ಬಿಟ್ಟು ಆ ಜಗಳಕ್ಕೆ ತುಪ್ಪ ಸುರಿದಿದ್ದರೆಂಬುದು ನಿಜವೇ. ಜಗಳಾಡಲಿ, ನನ್ನ ಅಭ್ಯಂತರವಿಲ್ಲ. ಸಂಜೆಯವರೆಗೆ ಕಾಯಲು ಇವರಿಗೆ ಏನು ದಾಡಿ?

ನನಗೆ ಸಿಕ್ಕ ಇನ್ನೊಂದು ಉತ್ತರ ಇದಕ್ಕಿಂತ ಜಾಣತನದ್ದು, ಹಾಗಾಗಿ ಇದಕ್ಕಿಂತ ಹೆಚ್ಚು ಕೆರಳಿಸುವಂಥದ್ದು. ಊರಿನ ಹಿರಿಯರೊಬ್ಬರು, ನಾನು ಗೌರವಿಸುವವರೇ, ‘ಯಕ್ಷಗಾನದ ಆಟ ನೋಡುವ ನಮ್ಮವರು ಕಥೆ ಗೊತ್ತಿದ್ದೇ ಬೆಳಗಿನ ತನಕ ಕೂರುತ್ತಾರಲ್ಲ, ನಿನಗೆ ಮಾತ್ರ ಕಥೆ ಗೊತ್ತಾದರೆ ರಸ ಹೋಯಿತೇ?’ ಎಂದರು. ಹೌದು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆಂದು ಗೊತ್ತಿಲ್ಲದವರು ಯಾರೂ ಆ ಬಯಲಿನಲ್ಲಿ ಕುಳಿತಿರಲಿಲ್ಲ. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆಂದು ಮಕ್ಕಳಿಗೂ ಗೊತ್ತು. ಆದರೆ ಯಕ್ಷಗಾನದ ಕಟ್ಟೋಣವೇ ಆ ಗೊತ್ತಿರುವಿಕೆಯ ಮೇಲೆ ನಿಂತಿದೆ. ಭಾಗವತರು ಪದ್ಯದಲ್ಲಿ ಮೊದಲೇ ಹೇಳಿಬಿಡುತ್ತಾರೆ, ಅನಂತರ ವೇಷಧಾರಿ ಅದನ್ನು ಕುಣಿದು, ಅರ್ಥ ಹೇಳಿ ಬೆಳೆಸುತ್ತಾನೆ. ಅದೇ ಕೌರವ ಇವತ್ತು ಒಬ್ಬರ ಬಾಯಲ್ಲಿ ಒಂದು ರೀತಿ, ನಾಳೆ ಇನ್ನೊಬ್ಬರ ಬಾಯಲ್ಲಿ ಇನ್ನೊಂದು ರೀತಿ ಮಾತಾಡುತ್ತಾನೆ, ನಾವು ಕಾಯುವುದು ಆ ಮಾತಿಗೆ. ಟೀವಿಯ ಕಂತು ಹಾಗಲ್ಲ. ಅದು ಒಂದೇ ಸಲ ಚಿತ್ರೀಕರಣವಾದದ್ದು, ಒಂದಕ್ಷರ ಬದಲಾಗುವುದಿಲ್ಲ, ಮುಚ್ಚಿಟ್ಟು ತೋರಿಸಬೇಕೆಂದೇ ಅದನ್ನು ಕಟ್ಟಿರುತ್ತಾರೆ. ಮುಚ್ಚಿಟ್ಟದ್ದನ್ನು ಬಿಚ್ಚುವ ಹಕ್ಕು ಕಟ್ಟಿದವನದೇ ಹೊರತು ಬೆಳಿಗ್ಗೆ ಮೊದಲು ಎದ್ದವನದಲ್ಲ. ಹಿರಿಯರು ನನ್ನ ಮಾತಿಗೆ ಎಲೆಅಡಿಕೆಯ ಕವಳ ಹಾಕಿಕೊಂಡು ಸುಮ್ಮನಾದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಗುಂಪು ಬಿಟ್ಟುಬಿಡು, ಫೋನು ಆರಿಸಿಡು ಎಂದು ಸಲಹೆ ಕೊಡುವವರೂ ಇದ್ದಾರೆ. ಮಳೆಗಾಲದಲ್ಲಿ ಈ ಜಿಲ್ಲೆಯಲ್ಲಿದ್ದು ಆ ಮಾತು ಹೇಳಿ ನೋಡೋಣ. ಘಟ್ಟದಲ್ಲಿ ಮಣ್ಣು ಜರಿದು ರಸ್ತೆ ಬಂದಾಗಿದೆ, ಶಾಲೆಗೆ ರಜೆ ಕೊಟ್ಟಿದ್ದಾರೆ, ಹೊಳೆ ಸೇತುವೆಯ ಮೇಲೆ ಬಂದಿದೆ ಎಂಬ ಸುದ್ದಿಯೆಲ್ಲ ನಮಗೆ ಮೊದಲು ಬರುವುದು ಆ ಗುಂಪಿನಲ್ಲೇ. ಅದೇ ತಿಂಗಳ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜನ ಸತ್ತಾಗ, ಕುಮಟೆ, ಕಾರವಾರದ ಕಡೆಯ ನೆಂಟರು ಎಲ್ಲೆಲ್ಲಿದ್ದಾರೆಂದು ವಿಚಾರಿಸಿ, ಅಂತೂ ಎಲ್ಲರೂ ಮನೆಯಲ್ಲಿದ್ದಾರೆಂದು ತಿಳಿದದ್ದು ಇದೇ ಗುಂಪಿನಿಂದ. ಅಂಥ ಗುಂಪನ್ನು ನಾನು ಡ್ರ್ಯಾಗನ್ ಕಾರಣಕ್ಕೆ ಬಿಡಬೇಕೇ? ಬಿಡಬೇಕಾದವನು ಚಿತ್ರ ಹಾಕುವವನಲ್ಲವೇ?

2019ರ ಏಪ್ರಿಲ್‌ನಲ್ಲೂ ಹೀಗೇ ಆಗಿತ್ತು. ಇದೇ ಲೋಕದ ಮೊದಲಿನ ಸರಣಿ ‘ಗೇಮ್ ಆಫ್ ಥ್ರೋನ್ಸ್’ನ ‘ದಿ ಲಾಂಗ್ ನೈಟ್’ ಕಂತು, 82 ನಿಮಿಷದ್ದು, 55 ರಾತ್ರಿ ಚಿತ್ರೀಕರಣ ಮಾಡಿದ ಯುದ್ಧ. ಕತ್ತಲೆಯಲ್ಲಿ ಏನೂ ಕಾಣುವುದಿಲ್ಲವೆಂದು ಜಗತ್ತೆಲ್ಲ ಕೂಗಿತು, ಛಾಯಾಗ್ರಾಹಕರು ನಿಮ್ಮ ಟೀವಿಯನ್ನು ಸರಿಪಡಿಸಿಕೊಳ್ಳಿ ಎಂದರು. ನನಗೆ ಮಾತ್ರ ಕತ್ತಲೆಯ ತೊಂದರೆಯೇ ಆಗಲಿಲ್ಲ. ‘ನೈಟ್ ಕಿಂಗ್’ ಎಂಬ ಹಿಮದ ರಾಜನನ್ನು ಆರ್ಯ ಎಂಬ ಹುಡುಗಿ ಚೂರಿಯಿಂದ ತಿವಿಯುವ ಚಿತ್ರವನ್ನು ಯಾರೋ ಪುಣ್ಯಾತ್ಮರು ಝಗಝಗಿಸುವಷ್ಟು ಬೆಳಕು ಹೆಚ್ಚಿಸಿ ಮೊದಲೇ ಕಳಿಸಿದ್ದರು.

ಮೊನ್ನೆ ಅತ್ತೆಯ ಮಗ ಊರಿಗೆ ಬಂದಾಗ ಮತ್ತೆ ಮಾತು ತೆಗೆದೆ. ಮುಂದಿನ ಸೀಸನ್ನೂ ಮಳೆಗಾಲಕ್ಕೇ ಬಂದರೆ, ಗಲೆಟ್ ಎಂಬ ಸಮುದ್ರದ ಹಾದಿಯಲ್ಲಿ ನಡೆಯುವ ದೊಡ್ಡ ನೌಕಾಯುದ್ಧ ಎದುರಿಗಿದೆ, ಅದರಲ್ಲೂ ಪುಸ್ತಕದಲ್ಲಿಲ್ಲದ್ದನ್ನು ಟೀವಿಯವರು ಸೇರಿಸದೆ ಬಿಡುವುದಿಲ್ಲ. ಎರಡು ದಿನದ ತನಕ ಗುಂಪಿನಲ್ಲಿ ಚಿತ್ರ, ಸ್ಟೇಟಸ್ಸು, ನಗುವ ಮುಖ ಯಾವುದೂ ಬೇಡ ಎಂದೆ. ‘ಮೇಲೆ ಎಚ್ಚರಿಕೆ ಅಂತ ಬರೆದು ಹಾಕುತ್ತೇನೆ’ ಎಂದ. ಚಿತ್ರದ ಮೇಲೆಯೇ ಎಚ್ಚರಿಕೆ ಬರೆದರೆ ಎಚ್ಚರಿಕೆಯನ್ನೂ ಚಿತ್ರವನ್ನೂ ಕಣ್ಣು ಒಟ್ಟಿಗೇ ನೋಡುತ್ತದೆಂದು ವಿವರಿಸಿದರೆ, ಅದು ಅವನಿಗೆ ಹೊಸ ಸಂಗತಿಯೆಂಬಂತೆ ತಲೆ ಕೆರೆದುಕೊಂಡ. ನಾನೂ ಸ್ಪಷ್ಟವಾಗಿ ತಿಳಿಸಿದ್ದೇನೆ: ಇನ್ನೊಮ್ಮೆ ಹೀಗೆ ಮಾಡಿದರೆ ನಮ್ಮ ಮನೆಯಿಂದ ಪ್ರತಿ ಬೇಸಿಗೆಯಲ್ಲಿ ಬೆಂಗಳೂರಿನ ಬಸ್ಸಿಗೆ ಹಾಕಿ ಕಳಿಸುವ ಹಲಸಿನ ಹಪ್ಪಳದ ಕಟ್ಟು ಆ ವರ್ಷದಿಂದ ಬಂದ್. ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡು, ಹಪ್ಪಳದ ವಿಷಯಕ್ಕೆ ಮಾತ್ರ ಹೊರಗೆ ಬಂದರು.